ಪಾತ್ರದ ಪುಣ್ಯ ಯಾರದು?

ತೆರೆಯ ಮೇಲೆ ಬಾಲನಟ ತೋರುವ ಒಳ್ಳೆಯತನ ಅವನದೋ, ಪಾತ್ರದ್ದೋ, ನೋಡುಗರದ್ದೋ ಎಂಬುದು ಕಲಾಮೀಮಾಂಸೆಗೂ ಧರ್ಮಚಿಂತನೆಗೂ ಸೇರಿದ ಪ್ರಶ್ನೆ. ಬಾಲನಟರಾಗಿ ಮನೆಮಾತಾಗಿ, ಮುಂದೆ ಯುವಜನರ ಆರಾಧ್ಯ ನಾಯಕರಾದ ಪುನೀತ್ ರಾಜ್‌ಕುಮಾರ್ (1975–2021) ಅವರ ಬದುಕು ಈ ಪ್ರಶ್ನೆಯ ವಿಚಾರಕ್ಕೆ ತಕ್ಕ ನಿದರ್ಶನ.

ಕೈಗೂಸಾಗಿದ್ದಾಗಲೇ 'ಪ್ರೇಮದ ಕಾಣಿಕೆ'ಯಲ್ಲಿ (1976) ಕಾಣಿಸಿಕೊಂಡ ಅವರು 1983ರ 'ಭಕ್ತ ಪ್ರಹ್ಲಾದ'ದಲ್ಲಿ ಪ್ರಹ್ಲಾದನಾದರು. ಹಿರಣ್ಯಕಶಿಪುವಾದವರು ಅವರ ತಂದೆ ಡಾ. ರಾಜ್‌ಕುಮಾರ್. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ 'ಬೆಟ್ಟದ ಹೂವು' (1985) ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ತಂದಿತು. ಅದರಲ್ಲಿ ಅವರು ವಹಿಸಿದ ಪಾತ್ರವಾದ ರಾಮು, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲೆಂದು ಕಾಡಿನ ಹೂ ಮಾರಿ ಕಾಸು ಕೂಡಿಡುತ್ತಾನೆ. ಕೊನೆಗೆ ಆ ಹಣದಲ್ಲಿ ಮನೆಯವರಿಗಾಗಿ ಕಂಬಳಿ ತರುತ್ತಾನೆ. ರಾಮಾಯಣ ಓದುವ ಮೊದಲೇ ಅದರ ತ್ಯಾಗವನ್ನು ನಡೆದು ತೋರುತ್ತಾನೆ.

ಈ ತ್ಯಾಗ ಕಂಡು ಕಣ್ಣು ತುಂಬಿಬಂದಾಗ ರಸ, ಎಂದರೆ ಕಲೆ ಸವಿಯುವಾಗಿನ ಭಾವಾನುಭವ, ಹುಟ್ಟುವುದು ಎಲ್ಲಿ? ಪ್ರಾಚೀನ ಮೀಮಾಂಸಕ ಅಭಿನವಗುಪ್ತನ ಪ್ರಕಾರ ರಸದ ನೆಲೆ ಸಹೃದಯ, ಎಂದರೆ ಮನಸ್ಸಿಟ್ಟು ಸವಿಯುವ ನೋಡುಗ; ನಟ ಅದನ್ನು ತಲುಪಿಸುವ ಪಾತ್ರೆ. ಈ ಪರಂಪರೆಯನ್ನು ಆಧುನಿಕ ಕಾಲದಲ್ಲಿ ವಿವೇಚಿಸಿದವರು ಎಂ. ಹಿರಿಯಣ್ಣ (1871–1950). ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಪ್ರಾಧ್ಯಾಪಕರಾಗಿದ್ದರು. ಕಲಾನುಭವದಲ್ಲಿ 'ನಾನು, ನನ್ನದು' ಕರಗುವುದರಿಂದ ಅದು ಮೋಕ್ಷವನ್ನು ಹೋಲುತ್ತದೆ ಎಂದು ಹಿರಿಯಣ್ಣ ವಿವರಿಸಿದರು. ಆದರೆ ಆ ಅನುಭವ ಹೊರಗಿನ ಪ್ರೇರಣೆಯಿಂದ ಬಂದದ್ದು, ಪ್ರೇರಣೆ ಸರಿದೊಡನೆ ಅಳಿಯುವಂಥದ್ದು. ನೋಡುಗನನ್ನಾಗಲಿ ನಟನನ್ನಾಗಲಿ ಅದೊಂದೇ ಸಜ್ಜನನನ್ನಾಗಿ ಮಾಡಲಾರದು.

1989ರ 'ಪರಶುರಾಮ್' ಬಳಿಕ ಬಹುಕಾಲ ತೆರೆಯಿಂದ ದೂರವಿದ್ದ ಪುನೀತ್, 2002ರಲ್ಲಿ 'ಅಪ್ಪು' ಚಿತ್ರದಿಂದ ನಾಯಕರಾದರು. ಅಭಿಮಾನ ಆರಾಧನೆಯ ರೂಪ ತಾಳಿ, ಕಟೌಟುಗಳಿಗೆ ಹಾಲಿನ ಅಭಿಷೇಕ ನಡೆಯುವ ಲೋಕವದು. ತಾನೇ ದೇವರೆಂಬ ಭ್ರಮೆ ನಟನಿಗೆ ಅಂಟುವುದು ಇಲ್ಲಿಯೇ. ಅದಕ್ಕೆ ರಾಜ್‌ಕುಮಾರ್ ಕಂಡುಕೊಂಡ ಉತ್ತರ, ನೋಡುಗರನ್ನೇ 'ಅಭಿಮಾನಿ ದೇವರುಗಳು' ಎಂದು ಕರೆಯುವುದು. ಆಗ ನಟನೇ ಭಕ್ತನಾಗುತ್ತಾನೆ. ಬಂದ ಕೀರ್ತಿ ಸೇವೆಯಾಗಿ ಮರಳಬೇಕಾದ ಋಣವಾಗುತ್ತದೆ.

ಪುನೀತ್ ಆ ಋಣ ತೀರಿಸುತ್ತಲೇ ಬಾಳಿದರು. ತಾಯಿ ಪಾರ್ವತಮ್ಮನವರು ಬೆಳೆಸಿದ ಮೈಸೂರಿನ ಶಕ್ತಿಧಾಮಕ್ಕೆ, ನೊಂದ ಹೆಣ್ಣುಮಕ್ಕಳ ಆ ಆಶ್ರಯಕ್ಕೆ, ನೆರವಾದರು. ತಂದೆಯಂತೆಯೇ ನಂದಿನಿ ಹಾಲಿನ ಪ್ರಚಾರಕ್ಕೆ ಸಂಭಾವನೆ ಪಡೆಯಲಿಲ್ಲ. 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಮರಣೋತ್ತರವಾಗಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, ಕರ್ನಾಟಕ ರತ್ನ ಎರಡೂ 2022ರಲ್ಲಿ ಸಂದವು.

ಹೀಗೆ ಪ್ರಶ್ನೆಗೆ ಉತ್ತರ ಎರಡು ಭಾಗವಾಗುತ್ತದೆ. ರಾಮುವಿನ ತ್ಯಾಗ ಕಥೆಗಾರರದು, ನಿರ್ದೇಶಕರದು, ಅದಕ್ಕೆ ಕರಗಿದ ನೋಡುಗರದು. ಹತ್ತು ವರ್ಷದ ಹುಡುಗನ ಮೇಲೆ ಆ ಪುಣ್ಯದ ಭಾರ ಹೊರಿಸುವುದು ನ್ಯಾಯವಲ್ಲ. ಬೆಳೆದ ಮೇಲೆ ತಿಳಿದು ಮಾಡಿದ ಸತ್ಕಾರ್ಯ ಮಾತ್ರ ಮಾಡಿದವರದೇ. ಪೂಜೆ ಪಾತ್ರವನ್ನು ಹಿಡಿದು ನಿಂತರೆ ನೋಡುಗ ಇದ್ದಲ್ಲೇ ಇರುತ್ತಾನೆ. ನಡತೆಯನ್ನು ಅನುಸರಿಸಿ ನೇತ್ರದಾನಕ್ಕೆ ಹೆಸರು ಬರೆಸಿದವನ ಅಭಿಮಾನವೇ ಧರ್ಮವಾಗುತ್ತದೆ.