ಒಳ್ಳೆಯ ಯಜಮಾನನಾದರೆ ಸಾಕೇ?

ನಿಮ್ಮ ಬಳಿ ದುಡಿಯುವವರನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ ಎಂದು ಯಾರಾದರೂ ಕೇಳಿದರೆ ಏನು ಹೇಳುವಿರಿ? "ನಾನು ಯಾರನ್ನೂ ಬೈಯುವುದಿಲ್ಲ. ಹಬ್ಬಕ್ಕೆ ಬಟ್ಟೆ ಕೊಡಿಸುತ್ತೇನೆ, ಕಾಯಿಲೆಯಾದರೆ ಆಸ್ಪತ್ರೆಗೆ ಕಳಿಸುತ್ತೇನೆ" ಎಂದು ನಮ್ಮಲ್ಲಿ ಹಲವರು ಹೇಳಿಯಾರು. ಇದು ಒಳ್ಳೆಯ ಗುಣವೇ, ಸಂಶಯವಿಲ್ಲ. ಆದರೆ ಅಷ್ಟು ಸಾಕೇ? ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೇರಿಕದ ಒಂದು ಕಾದಂಬರಿ ಇದೇ ಪ್ರಶ್ನೆಯನ್ನು ಎತ್ತಿತ್ತು.

ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸಲು ಎಲ್ಲರೂ ನೆರವಾಗಬೇಕೆಂಬ ಕಾನೂನು 1850ರಲ್ಲಿ ಅಲ್ಲಿ ಜಾರಿಗೆ ಬಂತು. ಅದರಿಂದ ನೊಂದ ಹ್ಯಾರಿಯೆಟ್ ಬೀಚರ್ ಸ್ಟೋವ್ ಎಂಬ ಮಹಿಳೆ 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದರು. 1852ರಲ್ಲಿ ಪುಸ್ತಕವಾಗಿ ಹೊರಬಂದ ಅದು ಮೊದಲ ವರ್ಷವೇ ಅಮೇರಿಕದಲ್ಲಿ ಸುಮಾರು 3 ಲಕ್ಷ ಪ್ರತಿಗಳಷ್ಟು ಮಾರಾಟವಾಯಿತು. 1865ರಲ್ಲಿ ಆ ದೇಶದಲ್ಲಿ ಗುಲಾಮಗಿರಿ ರದ್ದಾಯಿತು.

ಕಥೆಯಲ್ಲಿ ಟಾಮ್‌ಗೆ ಮೂವರು ಯಜಮಾನರು. ಮೊದಲನೆಯವನು ಶೆಲ್ಬಿ, ಸಜ್ಜನ. ಆದರೆ ಸಾಲ ಕುತ್ತಿಗೆಗೆ ಬಂದಾಗ ಟಾಮ್‌ನನ್ನೂ ಎಲೈಝಾ ಎಂಬ ತಾಯಿಯ ಪುಟ್ಟ ಮಗನನ್ನೂ ವ್ಯಾಪಾರಿಗೆ ಮಾರುತ್ತಾನೆ. ಎರಡನೆಯವನು ಸೇಂಟ್ ಕ್ಲೇರ್. ಗುಲಾಮಗಿರಿ ತಪ್ಪೆಂದು ಬಲ್ಲವನು, ಟಾಮ್‌ಗೆ ಬಿಡುಗಡೆಯ ಮಾತು ಕೊಟ್ಟವನು. ಕಾಗದಪತ್ರ ಮುಗಿಯುವ ಮೊದಲೇ ಅವನು ಇರಿತಕ್ಕೊಳಗಾಗಿ ಸಾಯುತ್ತಾನೆ. ಅವನ ಹೆಂಡತಿ ಟಾಮ್‌ನನ್ನು ಹರಾಜಿಗೆ ಕಳಿಸುತ್ತಾಳೆ. ಮೂರನೆಯವನು ಕ್ರೂರಿ ಲೆಗ್ರೀ. ಜೊತೆಗಾರ್ತಿಯನ್ನು ಚಾಟಿಯಿಂದ ಹೊಡೆಯಲು ಒಪ್ಪದ, ತಪ್ಪಿಸಿಕೊಂಡ ಹೆಂಗಸರ ಸುಳಿವು ಕೊಡದ ಟಾಮ್‌ ಅವನ ಕೈಯಲ್ಲಿ ಪೆಟ್ಟು ತಿಂದು ಪ್ರಾಣ ಬಿಡುತ್ತಾನೆ.

ಓದಿದವರಿಗೆಲ್ಲ ನೆನಪಿನಲ್ಲಿ ಉಳಿಯುವವನು ಲೆಗ್ರೀ. ಆದರೆ ಟಾಮ್‌ ಅವನ ಕೈಗೆ ಸಿಕ್ಕಿದ್ದು ಹೇಗೆ? ಮೊದಲಿನ ಇಬ್ಬರು ದಯಾವಂತರ ಮೂಲಕವೇ ಅಲ್ಲವೇ? ಅವರಿಬ್ಬರೂ ಅನ್ನ ಕೊಟ್ಟರು, ಪ್ರೀತಿಯನ್ನೂ ಕೊಟ್ಟರು, ಆದರೆ ಹೊರಟುಹೋಗುವ ಹಕ್ಕನ್ನು ಕೊಡಲಿಲ್ಲ.

ಇದು ಕಡಲಾಚೆಯ ಹಳೆಯ ಕಥೆಯೆಂದು ಬದಿಗಿಡಬೇಡಿ. ನಮ್ಮ ಜಿಲ್ಲೆಯನ್ನೇ ನೋಡಿ. ದೇವನಹಳ್ಳಿ ತಾಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿದೆ, ನೂಲು ಬಿಚ್ಚುವ ಘಟಕಗಳಿವೆ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳಿವೆ. ನೂಲು ಬಿಚ್ಚುವ ಕಸುಬಿನಲ್ಲಿ ನಮ್ಮ ಸಮುದಾಯದವರು ಬಹಳ ಮಂದಿ. ಮಾಲಿಕರಲ್ಲೂ ಇದ್ದಾರೆ, ಕೂಲಿಯವರಲ್ಲೂ ಇದ್ದಾರೆ. ಹೆತ್ತವರು ಪಡೆದ ಮುಂಗಡಕ್ಕಾಗಿ ಮಕ್ಕಳು ಬಿಸಿನೀರಿನ ಬಾಣಲೆಗೆ ಕೈಯಿಟ್ಟು ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996 ಮತ್ತು 2003ರ ವರದಿಗಳಲ್ಲಿ ದಾಖಲಿಸಿತು. ಅದರಲ್ಲಿ ಹೆಸರು ಬಂದ ರಾಮನಗರ, ಮಾಗಡಿ ಆಗ ನಮ್ಮ ಜಿಲ್ಲೆಯೊಳಗೇ ಇದ್ದವು, ಬೇರೆಯಾದದ್ದು 2007ರಲ್ಲಿ.

ಆಮೇಲೆ ಕಾನೂನು ಬಿಗಿಯಾಯಿತು, ಹೊಸ ಯಂತ್ರಗಳು ಬಂದವು. ಮುಂಗಡದ ಪದ್ಧತಿ ಮಾತ್ರ ಪೂರ್ತಿ ಹೋಗಿಲ್ಲ. ಮಗಳ ಮದುವೆಗೋ ಆಸ್ಪತ್ರೆಗೋ ಒಬ್ಬಾತ ಹಣ ಪಡೆಯುತ್ತಾನೆ. ವಾರದ ಕೂಲಿ ಹೊಟ್ಟೆಗೇ ಸರಿಹೋಗುತ್ತದೆ, ಬಾಕಿ ತೀರುವುದಿಲ್ಲ. ಬೇರೆ ಕಡೆ ಹೋಗಬೇಕೆಂದರೆ ಹೊಸ ಮಾಲಿಕ ಹಳೆಯ ಮಾಲಿಕನಿಗೆ ಆ ಬಾಕಿ ಕಟ್ಟಬೇಕು. ಹೀಗೆ ಬಾಕಿ ಕೈ ಬದಲಾಗುವಾಗ ಬಾಕಿದಾರನೂ ಕೈ ಬದಲಾಗುತ್ತಾನೆ. ಕೊಟ್ಟವನಿಗೂ ಪಡೆದವನಿಗೂ ತಾವು ಮನುಷ್ಯನ ವ್ಯಾಪಾರ ಮಾಡಿದೆವು ಎನ್ನಿಸುವುದಿಲ್ಲ. ಶೆಲ್ಬಿಗೂ ತಾನು ಕೆಟ್ಟವನೆಂದು ಅನ್ನಿಸಿರಲಿಲ್ಲ.

ದೇಶದ ಕಾನೂನು ಇದಕ್ಕೆ ಜೀತವೆಂದೇ ಹೆಸರಿಟ್ಟಿದೆ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಜೀತಕ್ಕೆ ಕಾರಣವಾದ ಸಾಲವೇ ರದ್ದು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಸಿವು ಮತ್ತು ಬಡತನ ತರುವ ಒತ್ತಡವೂ ಬಲವಂತವೇ ಎಂದು ಅದು ತಿಳಿಸಿತು.

ನಮ್ಮ ಧರ್ಮ ಏನು ಹೇಳುತ್ತದೆ? ಪವಿತ್ರ ಕುರ್‌ಆನಿನ 90ನೆಯ ಅಧ್ಯಾಯ ಕಡಿದಾದ ದಾರಿಯ ಪ್ರಸ್ತಾಪ ಮಾಡುವಾಗ ಮೊದಲು ಹೇಳುವುದೇ ದಾಸ್ಯದಿಂದ ಕೊರಳು ಬಿಡಿಸುವುದನ್ನು. ಝಕಾತ್‌ನ ಹಕ್ಕುದಾರರಲ್ಲಿ ಗುಲಾಮರ ವಿಮೋಚನೆಯೂ ಸಾಲದಲ್ಲಿ ಸಿಲುಕಿದವರೂ ಸೇರಿದ್ದಾರೆ. ಸ್ವತಂತ್ರ ಮನುಷ್ಯನನ್ನು ಮಾರಿ ಅದರ ಬೆಲೆ ತಿಂದವನಿಗೂ, ದುಡಿಸಿಕೊಂಡು ಕೂಲಿ ಕೊಡದವನಿಗೂ ಅಂತ್ಯದಿನದಂದು ಅಲ್ಲಾಹನೇ ಎದುರಾಳಿಯಾಗುವನೆಂದು ಸಹೀಹ್ ಬುಖಾರಿಯ ಹದೀಸ್ ಎಚ್ಚರಿಸುತ್ತದೆ. ಸಾಲದ ಬಲದಿಂದ ಲಾಭ ಎಳೆಯುವುದನ್ನು ವಿದ್ವಾಂಸರು ಬಡ್ಡಿಯೆಂದೇ ಎಣಿಸಿದ್ದಾರೆ. ಬ್ಯಾಂಕಿನ ಬಡ್ಡಿಗೆ ಅಂಜುವ ನಾವು ಬೆವರಿನ ರೂಪದಲ್ಲಿ ಬರುವ ಬಡ್ಡಿಗೆ ಅಂಜುತ್ತೇವೆಯೇ? ಮುಸ್ಲಿಮ್ ರಾಜ್ಯಗಳಲ್ಲೂ ಶತಮಾನಗಳ ಕಾಲ ಗುಲಾಮಗಿರಿ ನಡೆದಿತ್ತು ಎಂಬುದನ್ನು ನಾವು ಮರೆಯಬಾರದು. ಬೋಧನೆ ಕೈಯಲ್ಲಿದ್ದ ಮಾತ್ರಕ್ಕೆ ಯಾರೂ ತಪ್ಪಿನಿಂದ ಪಾರಾಗುವುದಿಲ್ಲ.

"ಮುಂಗಡ ಕೊಡದಿದ್ದರೆ ಬಡವನ ಕಷ್ಟಕ್ಕೆ ಯಾರು ಆಗುತ್ತಾರೆ? ಕೊಟ್ಟ ಮೇಲೆ ಅವನು ಹೊರಟುಹೋದರೆ ನನ್ನ ಗತಿಯೇನು?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಗೂಡಿನ ಬೆಲೆ ಏರಿದಾಗ ಸಣ್ಣ ರೀಲರ್‌ ಕೂಡ ಸಾಲಗಾರನೇ. ಆದರೆ ಸಾಲ ಕೊಡುವುದು ಬೇರೆ, ಸಾಲದಿಂದ ಕಟ್ಟಿಹಾಕುವುದು ಬೇರೆ. ಕೊಡುವುದಾದರೆ ಬಡ್ಡಿಯಿಲ್ಲದ ಕರ್ಝೆ ಹಸನವಾಗಿ ಕೊಡಿ. ಅದನ್ನು ಕೆಲಸದ ಕರಾರಿಗೆ ಗಂಟುಹಾಕಬೇಡಿ. ಕೂಲಿಯನ್ನು ಪೂರ್ತಿ ಕೊಡಿ, ಲೆಕ್ಕವನ್ನು ಅವನಿಗೆ ಅರ್ಥವಾಗುವಂತೆ ಬರೆದು ತೋರಿಸಿ. ಅವನು ಹೊರಡುತ್ತೇನೆಂದರೆ ತಡೆಯಬೇಡಿ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಲು, ಸಾಧ್ಯವಾದರೆ ಮನ್ನಾ ಮಾಡಲು ಅಲ್‌ಬಕರ ಅಧ್ಯಾಯ ಪ್ರೇರೇಪಿಸುತ್ತದೆ. ಮುಂದಿನ ರಮಝಾನ್‌ನಲ್ಲಿ ಝಕಾತ್ ಹಂಚುವಾಗ ನಿಮ್ಮ ಮೊಹಲ್ಲಾದಲ್ಲಿ ಬಾಕಿಗೆ ಸಿಲುಕಿದ ಒಂದು ಕುಟುಂಬವನ್ನಾದರೂ ಬಿಡಿಸಲು ಜಮಾಅತಿನವರು ಸೇರಿ ಯೋಚಿಸಬಾರದೇ?

ಕಾದಂಬರಿಯ ಕೊನೆಯಲ್ಲಿ ಶೆಲ್ಬಿಯ ಮಗ ಜಾರ್ಜ್, ಟಾಮ್‌ನನ್ನು ಬಿಡಿಸಿಕೊಂಡು ಹೋಗಲು ಬರುತ್ತಾನೆ. ಆಗ ಟಾಮ್‌ ಸಾವಿನ ಅಂಚಿನಲ್ಲಿರುತ್ತಾನೆ. ಊರಿಗೆ ಮರಳಿದ ಜಾರ್ಜ್ ತನ್ನ ಗುಲಾಮರನ್ನೆಲ್ಲ ಬಿಡುಗಡೆ ಮಾಡುತ್ತಾನೆ. ಇರಬಯಸುವವರು ಕೂಲಿ ಪಡೆದು ದುಡಿಯಬಹುದು ಎನ್ನುತ್ತಾನೆ. ಉಳಿದವರಿಗೆ ಬಿಡುಗಡೆ ಸಿಕ್ಕಿತು, ಆದರೆ ಟಾಮ್‌ನ ಪಾಲಿಗೆ ಅವನು ತಡವಾಗಿ ಬಂದಿದ್ದ.

ಓದುಗರೇ, ನಿಮ್ಮ ಮನೆಯಲ್ಲಿ ಮುಂಗಡದ ಲೆಕ್ಕದ ಪುಸ್ತಕವಿದ್ದರೆ ಇಂದು ಇಶಾ ನಮಾಝಿನ ಬಳಿಕ ಒಮ್ಮೆ ತೆರೆದು ನೋಡಿ. ಅದರಲ್ಲಿರುವ ಪ್ರತಿಯೊಂದು ಹೆಸರಿನ ಮುಂದೆ ನಿಮ್ಮನ್ನೇ ಕೇಳಿಕೊಳ್ಳಿ: ಈತ ನಾಳೆ ಹೊರಡುತ್ತೇನೆಂದರೆ ನಾನು ಬಿಡುವೆನೇ?