ಗಿಡದ ಹುಳು, ಆಳಿನ ಹುಳು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ: ಈ ನಾಲ್ಕು ತಾಲ್ಲೂಕುಗಳ ಕೆಂಪುನೆಲ ಹೊಗೆಸೊಪ್ಪಿಗೆ ಹೆಸರಾದುದು. ಸಸಿಮಡಿಯಲ್ಲೇ ಅದರ ಬೇರಿಗೆ ಜಂತುಹುಳುವೊಂದು ಹತ್ತುತ್ತದೆ. ಬೇರು ಗಂಟುಗಂಟಾಗಿ ಗಿಡ ಸೊರಗುತ್ತದೆ. ಹುಣಸೂರಿನ ತಂಬಾಕು ಸಂಶೋಧನ ಕೇಂದ್ರದವರು ಈ ಹುಳುವಿನ ಬೆನ್ನು ಹತ್ತಿ ದುಡಿದಿದ್ದಾರೆ. ತಕ್ಕ ಕೆಲಸವೇ.

ಅದೇ ಕುಲದ ಇನ್ನೊಂದು ಹುಳುವಿದೆ, ಕೊಕ್ಕೆಹುಳು. ಜನ ಬಯಲಿಗೆ ಹೋಗುವ ಕಡೆ ತೇವದ ಮಣ್ಣಿನಲ್ಲಿ ಕಾದಿದ್ದು, ಬರಿಗಾಲಿನ ಚರ್ಮವನ್ನು ತೂರಿ, ರಕ್ತದೊಡನೆ ಶ್ವಾಸಕೋಶಕ್ಕೆ ಸಾಗಿ, ಗಂಟಲಿಗೇರಿ ಹೊಟ್ಟೆಗಿಳಿದು, ಕರುಳನ್ನು ಕಚ್ಚಿ ರಕ್ತ ಹೀರುತ್ತದೆ. ಕೊಲ್ಲುವುದು ಅಪರೂಪ, ನಿತ್ಯವೂ ಬಳಲಿಸುತ್ತದೆ. ರಕ್ತ ಬತ್ತಿ ಬದುವಿನ ಮೇಲೆ ಕುಳಿತವಳನ್ನು ನಾವು ಸೋಮಾರಿ ಎಂದುಬಿಡುತ್ತೇವೆ.

ಇಲ್ಲೊಂದು ವಿಚಿತ್ರವುಂಟು. ಹೊಗೆಸೊಪ್ಪಿನ ನಿಕೋಟಿನ್ ನಮ್ಮ ನರಗಳ ಒಂದು ಬೀಗಕ್ಕೆ ಬೀಗದಕೈಯಂತೆ ಕೂಡುತ್ತದೆ. ಮಳೆಯಲ್ಲಿ ನೆನೆದ ಎಲೆ ಮುರಿಯುವವರಿಗೆ ತಲೆ ಸುತ್ತುವುದು ಇದರಿಂದಲೇ. ವಿಜ್ಞಾನಿಗಳು ಆ ಬೀಗಕ್ಕೆ ನಿಕೋಟಿನ್ನಿನ ಹೆಸರನ್ನೇ ಇಟ್ಟಿದ್ದಾರೆ. ಹುಳುವಿನ ಸ್ನಾಯುವಿನಲ್ಲಿಯೂ ಅಂಥದೇ ಬೀಗವಿದೆ, ರಚನೆ ಮಾತ್ರ ತುಸು ಬೇರೆ. ಲೆವಮಿಸೋಲ್, ಪೈರಾಂಟೆಲ್ ಎಂಬ ಮದ್ದುಗಳು ಆ ತುಸು ಭೇದವನ್ನೇ ಹಿಡಿದು ಹುಳುವನ್ನು ಸೆಟೆಸುತ್ತವೆ, ಮನುಷ್ಯನನ್ನು ಬಿಡುತ್ತವೆ. ಮದ್ದಿನ 'ಗುರಿ' ಎಂದರೆ ಇಷ್ಟೇ.

ಆದರೆ ಈ ಮದ್ದುಗಳು ಮೊದಲು ಬಂದುದು ದನಕುರಿಗಳಿಗಾಗಿ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ನುಂಗಿಸುತ್ತಿರುವ ಆಲ್ಬೆಂಡಜೋಲ್ ಕೂಡ ಹಾಗೆಯೇ. ಕುರಿಗೆ ಒಡೆಯನಿದ್ದಾನೆ, ಒಡೆಯನ ಕೈಯಲ್ಲಿ ಹಣವಿದೆ. ಕುರಿಗಳಲ್ಲಿ ಈಗಾಗಲೇ ಈ ಮದ್ದುಗಳಿಗೆ ಬಗ್ಗದ ಹುಳುಗಳು ಹುಟ್ಟಿಕೊಂಡಿವೆ. ಆದ್ದರಿಂದ ಹೊಸ ಗುರಿಗಳು ಬೇಕು. 2014ರಲ್ಲಿ ಮನುಷ್ಯನ ಕೊಕ್ಕೆಹುಳುವಿನ ವಂಶಲಿಪಿಯನ್ನು ಓದಿ ಪ್ರಕಟಿಸಿದರು. ಹುಳುವಿಗೆ ಬೇಕಾದುದು, ನಮ್ಮಲ್ಲಿಲ್ಲದುದು ಯಾವುದೆಂದು ಅದರಲ್ಲಿ ಹುಡುಕಬಹುದು. ಅಲ್ಲಿಂದ ಮಾತ್ರೆಯವರೆಗಿನ ದಾರಿ ಮಾತ್ರ ಉದ್ದ, ಖರ್ಚಿನದು. ಮಾತ್ರೆ ಬೇಕಾದವರ ಕೈ ಬರಿದು.

ತಪ್ಪು ಯಾರದು? ಬೆಳೆಗೆಂದು ಕಟ್ಟಿದ ಕೇಂದ್ರ ಬೆಳೆಯನ್ನು ನೋಡಿಕೊಂಡಿತು. ಕಂಪೆನಿ ಷೇರುದಾರರಿಗೆ ಲೆಕ್ಕ ಒಪ್ಪಿಸಿತು. ಒಬ್ಬೊಬ್ಬರನ್ನೇ ಕಟಕಟೆಗೆ ಕರೆದರೆ ಎಲ್ಲರೂ ನಿರಪರಾಧಿಗಳು. ಮಾಡಿದವನಿಲ್ಲದ ತಪ್ಪು ಇರಬಲ್ಲದೆ? ಇರಬಲ್ಲದೆಂದೇ ನನಗೆ ತೋರುತ್ತದೆ. ಕಳವು, ಸುಳ್ಳು, ಕೊಲೆಗಳನ್ನು ಬರೆದಿಡಲು ಚಿತ್ರಗುಪ್ತನಿದ್ದಾನೆ; ಕಣ್ಣು ಅತ್ತ ಹೊರಳದೆ ಹೋದುದನ್ನು ಯಾವ ಪುಟದಲ್ಲಿ ಬರೆದಾನು?

ಚಪ್ಪಲಿ, ಕಕ್ಕಸು ಇದ್ದರೆ ಸಾಕು, ಹೊಸ ಮದ್ದೇಕೆ ಎನ್ನುವವರಿದ್ದಾರೆ. ಅವೆರಡೂ ಬೇಕು, ನಿಜ. ಆದರೆ ಹೊಗೆಸೊಪ್ಪಿನ ಸಸಿಯ ವಿಷಯದಲ್ಲಿ ಯಾರೂ ಈ ಮಾತಾಡಲಿಲ್ಲ. ಮಡಿಯ ಮಣ್ಣನ್ನು ಬಿಟ್ಟು ತಟ್ಟೆಗಳಲ್ಲಿ ಸಸಿ ಬೆಳೆಸುವುದನ್ನು ಕಲಿಸಿದರು, ಮದ್ದನ್ನೂ ಹುಡುಕಿದರು.