ಕೈಬಿಟ್ಟ ಕೆಲಸ

"ಹಿಡಿದ ಕೆಲಸ ಬಿಡಬೇಡಿ" ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಮೇಷ್ಟ್ರು ನಾನು. ಆ ಮಾತಿನ ಮೇಲೆ ನನಗೇ ಅನುಮಾನ ಹುಟ್ಟಿಸಿದವರು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿ ಕೇಟ್ ಅಡಮಾಲಾ.

ನಿರ್ಜೀವ ಅಣುಗಳನ್ನು ಜೋಡಿಸಿ ಜೀವಕೋಶದಂಥದನ್ನು ಕಟ್ಟುವುದು ಅವರ ಪ್ರಯೋಗಾಲಯದ ಕೆಲಸ. ನಮ್ಮ ಕೈಗಳಂತೆ ಅಣುಗಳಿಗೂ ಎಡ ಬಲಗಳುಂಟು. ಹುಲ್ಲಿನಿಂದ ಹುಲಿಯವರೆಗೆ ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳು ಹೆಚ್ಚುಕಡಿಮೆ ಎಲ್ಲವೂ ಎಡಗೈಯವು. ಇವನ್ನೆಲ್ಲ ಬಲಗೈಯವಾಗಿಸಿ, ಕನ್ನಡಿಯೊಳಗಿನ ಬಿಂಬದಂಥ ಕೋಶವೊಂದನ್ನು ಕಟ್ಟಬಹುದೇ ಎಂದು ಅವರು ಹೊರಟಿದ್ದರು.

ಹೊರಟವರಿಗೆ ಪ್ರಶ್ನೆಯೊಂದು ಎದುರಾಯಿತು. ಅಂಥ ಬ್ಯಾಕ್ಟೀರಿಯಾ ಹೊರಬಿದ್ದರೆ? ನಮ್ಮ ಮೈಯ ಕಾವಲು ಅದರ ಗುರುತು ಹಿಡಿಯದೆ ಹೋಗಬಹುದು. ಬ್ಯಾಕ್ಟೀರಿಯಾಗಳನ್ನು ತಿಂದು ಹದ್ದಿನಲ್ಲಿಡುವ ಜೀವಿಗಳಿಗೂ ಅದು ದಕ್ಕದಿರಬಹುದು. ಅವರು ಆ ಕೆಲಸ ಕೈಬಿಟ್ಟರು. 2024ರ ಡಿಸೆಂಬರಿನಲ್ಲಿ 38 ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ, ಅಪಾಯವಿಲ್ಲವೆಂಬುದಕ್ಕೆ ಬಲವಾದ ಆಧಾರ ಸಿಗದ ಹೊರತು ಇದನ್ನು ಸೃಷ್ಟಿಸಬಾರದೆಂದು ಬರೆದರು. ಅವರಲ್ಲಿ ಅಡಮಾಲಾ ಒಬ್ಬರು. ಅದು ಕೈಗೂಡಲು ಇನ್ನೂ ಹತ್ತು ವರ್ಷವಾದರೂ ಬೇಕೆಂಬುದು ಅವರದೇ ಅಂದಾಜು.

ನಾವು ಬಿಟ್ಟರೆ ಇನ್ನೊಬ್ಬರು ಮಾಡುತ್ತಾರಲ್ಲ ಎನ್ನಬಹುದು. ಮಾಡಲೂಬಹುದು. ಆದರೆ ಎಷ್ಟೋ ತಪ್ಪುಗಳು ಈ ಮಾತನ್ನೇ ಊರುಗೋಲು ಮಾಡಿಕೊಂಡು ನಡೆದು ಬಂದಿವೆ. ಹೆದರಿ ಬಿಡುವುದು ಬೇರೆ, ಅರಿತು ಬಿಡುವುದು ಬೇರೆ. ಬಿಡಿ ಬಿಡಿ ಕನ್ನಡಿ ಅಣುಗಳ ಸಂಶೋಧನೆಗೆ ಇವರು ಅಡ್ಡಬರಲಿಲ್ಲ. ತಾನೇ ಬೆಳೆದು ಹೆಚ್ಚುವ ಜೀವಿಯ ಸುತ್ತ ಮಾತ್ರ ಬೇಲಿ ಹಾಕಿದರು. ಎಲ್ಲಿ ನಿಲ್ಲಬೇಕೆಂದು ತಿಳಿಯಲು ಅಷ್ಟು ದೂರ ನಡೆದಿರಬೇಕು.

ಬಿಡಬೇಕಾದ ಕೆಲಸ ಯಾವುದು ಮೇಷ್ಟ್ರೇ ಎಂದು ಯಾವ ಹುಡುಗನೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.